ಗಾಡಿ ಕೊಳ್ಳುವ ಮುನ್ನ ಒಂದು ಹಾಳೆ ಲೆಕ್ಕ



ಬೇಸಿಗೆ ರಜೆ ಹತ್ತಿರವಾದಾಗ, ಈದ್ ಮುಗಿದ ಮರುದಿನ ಮಕ್ಕಳೆಲ್ಲ ಒಟ್ಟಿಗೆ ಕುಳಿತಾಗ ನಿಮ್ಮ ಮನೆಯಲ್ಲೂ ಈ ಮಾತು ಕೇಳಿ ಬಂದಿರಬಹುದು. ‘ಒಂದು ಸಣ್ಣ ಗಾಡಿ ತೆಗೆದುಕೊಳ್ಳೋಣ. ಅದರಲ್ಲಿ ಎರಡು ಬೈಕ್ ಏರಿಸೋಣ. ಟೆಂಟು, ಹಾಸಿಗೆ, ಪಾತ್ರೆ ತುಂಬಿಕೊಂಡು ಹೊಳೆ ದಂಡೆಯಲ್ಲೋ ಬೆಟ್ಟದ ಬುಡದಲ್ಲೋ ಒಂದು ರಾತ್ರಿ ಇದ್ದು ಬರೋಣ.’ ಕೊಳ್ಳೇಗಾಲ, ಹನೂರು, ಯಳಂದೂರಿನ ಹುಡುಗರಿಗೆ ಬೆಟ್ಟವೂ ಹೊಳೆಯೂ ಮನೆ ಬಾಗಿಲಲ್ಲೇ ಇವೆ. ಇಂಥ ಆಸೆ ಹುಟ್ಟುವುದು ಸಹಜ. ಅದನ್ನು ಗದರಿಸಿ ಅಡಗಿಸಬೇಕಾಗಿಲ್ಲ.

ಆದರೆ ಹಣದ ಮಾತು ಬಂದಾಗ ಎಲ್ಲರ ಕಣ್ಣೂ ತಾಯಿಯ ಕಡೆಗೆ ತಿರುಗುತ್ತದೆ. ಬಡ್ಡಿ ಸಾಲ ಬೇಡವೆನ್ನುವ ಮನೆಗಳಲ್ಲಂತೂ ಮುಂಗಡದ ಹಣವೆಂದರೆ ಅನೇಕ ವೇಳೆ ಅವಳ ಬಳೆಯೇ, ಅವಳು ಕಟ್ಟಿದ ಚೀಟಿಯೇ. ಹಣ ಅವಳದು, ಗಾಡಿಯ ಆಯ್ಕೆ ಮಾತ್ರ ಗಂಡಸರದು. ಅವಳನ್ನು ಕೇಳುವುದು ಬಣ್ಣದ ವಿಷಯದಲ್ಲಿ ಮಾತ್ರ! ಇದು ಸರಿಯಲ್ಲ. ಗಾಡಿ ಆರಿಸಲು ಎಂಜಿನ್ ವಿದ್ಯೆ ಬೇಕಾಗಿಲ್ಲ. ಕೂಡುವ, ಕಳೆಯುವ ಲೆಕ್ಕ ಬಂದರೆ ಸಾಕು. ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ.

ಹೊರದೇಶದ ಗಾಡಿ, ನಮ್ಮೂರಿನ ಗಾಡಿ

ಮಕ್ಕಳು ಮೊಬೈಲಿನಲ್ಲಿ ನೋಡಿ ಮೆಚ್ಚಿಕೊಂಡಿರುವುದು ಅಮೆರಿಕದಲ್ಲಿ ‘ಟಾಯ್ ಹಾಲರ್’ ಎಂದು ಕರೆಯುವ ಟ್ರೇಲರನ್ನು. ಕಾರು ಅಥವಾ ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ ಅದು. ಅದರ ಹಿಂದಿನ ಗೋಡೆಯೇ ಕೆಳಗೆ ಮಡಚಿಕೊಂಡು ಬೈಕ್ ಹತ್ತಿಸುವ ಇಳಿಜಾರು ಹಲಗೆಯಾಗುತ್ತದೆ. ದಾರಿಯುದ್ದಕ್ಕೂ ಒಳಗೆ ಬೈಕ್ ಇರುತ್ತದೆ. ಊರು ತಲುಪಿದ ಮೇಲೆ ಬೈಕ್ ಹೊರಗೆ ಬರುತ್ತದೆ, ಗೋಡೆಗೆ ಮಡಚಿದ ಮಂಚ ಕೆಳಗಿಳಿಯುತ್ತದೆ.

ನಮ್ಮ ಕಡೆ ಇಂಥವು ಅಪರೂಪ. ಕಾರಿನ ಹಿಂದೆ ಸಣ್ಣ ಟ್ರೇಲರ್ ಕಟ್ಟಿಸೋಣ ಎನ್ನುವವರಿಗೆ ಎರಡು ವಿಷಯ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ನೇರವಾಗಿ ರಸ್ತೆಗೆ ಇಳಿಸುವಂತಿಲ್ಲ, ಅದಕ್ಕೂ ನೋಂದಣಿ ಬೇಕು. ಎರಡನೆಯದು ತೂಕದ ಹಂಚಿಕೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕಾರಿನ ಕೊಂಡಿಯ ಮೇಲೆ ಕೂರಬೇಕು ಎಂಬುದು ಬಲ್ಲವರ ಲೆಕ್ಕ. ಬೈಕ್‌ಗಳನ್ನು ತೀರಾ ಹಿಂದಕ್ಕೆ ನಿಲ್ಲಿಸಿದರೆ ಕೊಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ವೇಗ ಹೆಚ್ಚಿದೊಡನೆ ಟ್ರೇಲರ್ ಹಾವಿನಂತೆ ಅತ್ತಿತ್ತ ಹೊರಳಿ ಕಾರನ್ನೂ ಎಳೆದುಕೊಂಡು ಹೋಗುತ್ತದೆ.

ಹಾಗಾಗಿ ನಮ್ಮ ಮನೆಗಳಲ್ಲಿ ಈ ಆಸೆ ಕೊನೆಗೆ ಬಂದು ನಿಲ್ಲುವುದು ಸಣ್ಣ ಸರಕು ಗಾಡಿಯ ಮುಂದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದು ‘ಛೋಟಾ ಹಾಥಿ’ ಎಂದು ಹೆಸರಾಯಿತು. ಆಮೇಲೆ ಮಾರುತಿಯ ಸೂಪರ್ ಕ್ಯಾರಿ, ಮಹೀಂದ್ರಾದ ಪಿಕಪ್‌ಗಳು ಎಲ್ಲವೂ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿವೆ. ವಾರದ ದಿನಗಳಲ್ಲಿ ತರಕಾರಿ, ರೇಷ್ಮೆ ಗೂಡು, ಸಿಮೆಂಟು ಹೊರುವ ಗಾಡಿಯೇ ಭಾನುವಾರ ಬೈಕ್ ಮತ್ತು ಟೆಂಟು ಹೊರಬೇಕು ಎಂಬುದು ಮಕ್ಕಳ ಯೋಜನೆ.

ತೂಕದ ಲೆಕ್ಕ

ಗಾಡಿಯ ನೋಂದಣಿ ಪತ್ರದಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಎಲ್ಲ ತುಂಬಿದ ಮೇಲೆ ಮೀರಬಾರದ ಒಟ್ಟು ತೂಕ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದದ್ದೇ ಆ ಗಾಡಿಯ ಶಕ್ತಿ. ಮಾರುವವನು ‘ಎಷ್ಟು ಬೇಕಾದರೂ ಹೊರುತ್ತದಮ್ಮಾ’ ಎಂದರೆ ನಂಬಬೇಡಿ, ಪತ್ರವನ್ನು ನಂಬಿ. ಛೋಟಾ ಹಾಥಿಯ ವರ್ಗದ ಗಾಡಿಗಳಲ್ಲಿ ಇದು ಸುಮಾರು 750 ಕಿಲೋ ಆಸುಪಾಸು ಇರುತ್ತದೆ. ಮಾದರಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗಬಹುದು.

ಈಗ ಹೊರೆ ಬರೆಯೋಣ. ಒಂದು ಸ್ಪ್ಲೆಂಡರ್ ಬೈಕ್ ಸುಮಾರು 112 ಕಿಲೋ, ಒಂದು 350 ಸಿಸಿ ಬುಲೆಟ್ ಸುಮಾರು 195 ಕಿಲೋ. ಎರಡೂ ಸೇರಿ 307. ಟೆಂಟು, ಚಾಪೆ, ಹಾಸಿಗೆ, ಬಟ್ಟೆಗೆ 60 ಎನ್ನಿ. ಪಾತ್ರೆ, ಒಲೆ, ಅಕ್ಕಿ, ಮಾಂಸಕ್ಕೆ 60. ನೀರನ್ನು ಎಲ್ಲರೂ ಮರೆಯುತ್ತಾರೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಕುಡಿಯಲು, ಅಡುಗೆಗೆ, ವುಝೂಗೆ ಐದು ಕ್ಯಾನ್ ತುಂಬಿದರೆ 100 ಕಿಲೋ ಆಗಿಬಿಡುತ್ತದೆ. ಒಟ್ಟು 527. ಮುಂದೆ ಕೂರುವ ಇಬ್ಬರಿಗೆ 130 ಸೇರಿಸಿ. 657 ಆಯಿತು. 750ರಲ್ಲಿ ಕಳೆದರೆ ಉಳಿಯುವುದು 93 ಕಿಲೋ ಮಾತ್ರ.

ಅಂದರೆ ಎರಡು ಬೈಕ್‌ಗೆ ಈ ಗಾಡಿ ಸಾಕು. ಮೂರನೆಯ ಬೈಕ್ ಏರಿಸಿದರೆ ಸಾಲದು. ಮಿತಿ ಮೀರಿದ ಹೊರೆಗೆ 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ. ಹೆಚ್ಚುವರಿಯಾದ ಪ್ರತಿ ಟನ್ನಿಗೆ ಇನ್ನೂ 2,000 ಸೇರುತ್ತದೆ. ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಇಳಿಯುವಾಗ, ಚಾಮರಾಜನಗರದ ಆಚೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳಲ್ಲಿ ಇಳಿಯುವಾಗ ಆ ಹೆಚ್ಚಿನ ಹೊರೆಯನ್ನೆಲ್ಲ ಬ್ರೇಕೇ ತಡೆಯಬೇಕು. ಸತತವಾಗಿ ಒತ್ತಿದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್ ಇರಬೇಕು ಎಂಬುದನ್ನು ಚಾಲಕನಿಗೆ ನೀವೇ ನೆನಪಿಸಿ.

ತೂಕದ ನಂತರ ಅಳತೆ. ಬಟ್ಟೆ ಅಳೆಯುವ ಟೇಪನ್ನೇ ತೆಗೆದುಕೊಂಡು ಹೋಗಿ. ಈ ಗಾಡಿಗಳ ತೊಟ್ಟಿ ಸುಮಾರು ಏಳು ಅಡಿ ಉದ್ದ, ಐದು ಅಡಿಗೆ ಸ್ವಲ್ಪ ಕಡಿಮೆ ಅಗಲ. ಸ್ಪ್ಲೆಂಡರ್ ಆರೂವರೆ ಅಡಿ ಉದ್ದವಿರುವುದರಿಂದ ಒಳಗೆ ಕೂರುತ್ತದೆ. ಬುಲೆಟ್ ಏಳಡಿಯಷ್ಟಿದ್ದು ಹಿಂದಿನ ಬಾಗಿಲು ಮುಚ್ಚದೆ ಹೋಗಬಹುದು. ಎರಡು ಬೈಕ್‌ಗಳ ಹ್ಯಾಂಡಲ್ ಪಕ್ಕಪಕ್ಕಕ್ಕೆ ಬಂದರೆ ಒಂದಕ್ಕೊಂದು ತಾಗುತ್ತವೆ. ಒಂದನ್ನು ಹಿಂದುಮುಂದಾಗಿ ನಿಲ್ಲಿಸಬೇಕಾಗುತ್ತದೆ. ಇದೆಲ್ಲ ಹಣ ಕೊಡುವ ಮೊದಲೇ ನೋಡಬೇಕಾದದ್ದು.

ಮನೆಯವರು ಎಲ್ಲಿ ಕೂರುತ್ತಾರೆ?

ಹಾಳೆಯ ಮೇಲಿನ ಅತಿ ಮುಖ್ಯ ಪ್ರಶ್ನೆ ಇದು. ಇದನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಏಳು ಜನ ಇದ್ದಾರೆ ಎಂದುಕೊಳ್ಳಿ. ಗಾಡಿಯ ಮುಂದೆ ಚಾಲಕನೂ ಸೇರಿ ಇಬ್ಬರಿಗೆ ಸ್ಥಳ. ಉಳಿದ ಐವರು? ‘ಹಿಂದೆ ಚಾಪೆ ಹಾಸಿದರೆ ಆಯಿತು, ಅಮ್ಮನೂ ಮಕ್ಕಳೂ ಕೂತುಕೊಳ್ಳುತ್ತಾರೆ’ ಎಂಬ ಉತ್ತರ ಕೂಡಲೇ ಬರುತ್ತದೆ. ಮದುವೆಗೆ, ಉರೂಸಿಗೆ, ಕೂಲಿಗೆ ಹೀಗೆ ಹೋಗುವುದನ್ನು ನೋಡಿ ನೋಡಿ ನಮಗೆ ಅದು ತಪ್ಪೆಂದೇ ಅನಿಸುವುದಿಲ್ಲ.

ಸಹೋದರಿಯರೇ, ಇಲ್ಲಿ ಮಾತ್ರ ಗಟ್ಟಿಯಾಗಿ ಬೇಡ ಎನ್ನಿ. ಸರಕಿನ ತೊಟ್ಟಿಯಲ್ಲಿ ಸೀಟಿಲ್ಲ, ಬೆಲ್ಟ್ ಇಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಗಾಡಿ ಮಗುಚಿದರೆ ಮೊದಲು ಹೊರಗೆ ಬೀಳುವವರು ಮಕ್ಕಳು. ಅವರ ಪಕ್ಕದಲ್ಲೇ ಎರಡು ಕ್ವಿಂಟಾಲ್ ತೂಕದ ಬುಲೆಟ್ ನಿಂತಿರುತ್ತದೆ ಎಂಬುದನ್ನೂ ಯೋಚಿಸಿ.

ಕಾನೂನಿನ ಮಾತು ಇನ್ನೂ ಕಠಿಣ. ‘ಇನ್ಶೂರೆನ್ಸ್ ಇದೆಯಲ್ಲ’ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. 2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಶಾರಾಣಿ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಕರಾಗಿ ಹೋದವರ ಸಾವು ನೋವಿಗೆ ವಿಮಾ ಕಂಪನಿ ಹೊಣೆಯಲ್ಲ. 1994ರ ತಿದ್ದುಪಡಿಯಿಂದ ರಕ್ಷಣೆ ಸಿಕ್ಕಿರುವುದು ಸರಕಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ಮಾತ್ರ. ಹಿಂದೆ ಕೂತ ಅತ್ತಿಗೆ, ನಾದಿನಿ, ಪಕ್ಕದ ಮನೆಯ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ಪರಿಹಾರದ ಹಣ ಗಾಡಿಯ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಬಳೆ ಮಾರಿ ಕೊಂಡ ಗಾಡಿ ಮನೆಯನ್ನೂ ಮಾರಿಸಬಹುದು.

ಹಾಗಾದರೆ ಹೋಗುವುದು ಹೇಗೆ? ಸಾಮಾನು ಗಾಡಿಯಲ್ಲಿ ಹೋಗಲಿ, ಜನ ಬಸ್ಸಿನಲ್ಲಿ ಹೋಗಲಿ. ಕೊಳ್ಳೇಗಾಲದಿಂದ ಹನೂರು, ಮಹದೇಶ್ವರ ಬೆಟ್ಟ, ಯಳಂದೂರು ಎಲ್ಲ ಕಡೆಗೂ ಸರಕಾರಿ ಬಸ್ಸುಗಳಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವೂ ಇಲ್ಲ. ಗಂಡಸರು ಗಾಡಿಯಲ್ಲಿ ಮುಂದೆ ಹೋಗಿ ಟೆಂಟು ಹಾಕಿ ನೀರು ತುಂಬಿಡಲಿ. ನೀವು ಕೈಬೀಸಿಕೊಂಡು ಹೋಗಿ ಇಳಿಯಿರಿ. ಒಮ್ಮೆಯಾದರೂ ಹಾಗಾಗಲಿ!

ಕಟ್ಟುವುದು, ತಂಗುವುದು

ಬೈಕನ್ನು ಹತ್ತಿಸಲು ಗಿಡ್ಡ ಹಲಗೆ ಇಟ್ಟರೆ ಏರು ಕಡಿದಾಗಿ ತಳ್ಳುವವನ ಮೇಲೆಯೇ ಬೈಕ್ ಮಗುಚುತ್ತದೆ. ಹಲಗೆ ಉದ್ದವಾಗಿರಲಿ, ಅದರ ತುದಿಯನ್ನು ಗಾಡಿಗೆ ಕಟ್ಟಿರಲಿ. ಮೇಲೆ ಬಂದ ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ಬಿಡಬಾರದು. ಬಿಗಿ ಮಾಡುವ ರ‍್ಯಾಚೆಟ್ ಪಟ್ಟಿಗಳಿಂದ ಎರಡು ಮುಂದೆ, ಎರಡು ಹಿಂದೆ, ನಾಲ್ಕು ಕಡೆ ಎಳೆದು ಕಟ್ಟಬೇಕು. ಮುಂದಿನ ಶಾಕ್ ಅರ್ಧದಷ್ಟು ಕುಗ್ಗುವವರೆಗೆ ಎಳೆದರೆ ಗುಂಡಿಯಲ್ಲಿ ಹಾರಿದರೂ ಪಟ್ಟಿ ಸಡಿಲಾಗದು. ಹತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ನೋಡಬೇಕು. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಪ್ರವಾದಿಯವರ(ಸ) ಬೋಧನೆಯನ್ನು ಚಿಕ್ಕಂದಿನಲ್ಲೇ ಕಲಿತವರು ನಾವು. ಬೈಕ್‌ಗೂ ಅದೇ ಪಾಠ.

ತಂಗುವ ಜಾಗದ ಬಗ್ಗೆಯೂ ಮೊದಲೇ ಮಾತಾಗಲಿ. ನಮ್ಮ ಸುತ್ತಲ ಕಾಡು ಸುಮ್ಮನೆ ಬಿದ್ದಿರುವ ಜಾಗವಲ್ಲ. ಯಳಂದೂರು ಕಡೆಯ ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿ ಧಾಮ. ಕಾವೇರಿ ವನ್ಯಜೀವಿ ಧಾಮ 1987ರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಧಾಮದೊಳಗಿನ ಸಾರ್ವಜನಿಕ ರಸ್ತೆಯಲ್ಲಿ ಹಾದು ಹೋಗಬಹುದು, ಅನುಮತಿಯಿಲ್ಲದೆ ರಸ್ತೆ ಬಿಟ್ಟು ಒಳಗೆ ಹೋಗುವಂತಿಲ್ಲ. ಬೆಂಕಿ ಹಚ್ಚುವುದು ಅಪರಾಧ. ಒಂದು ಬಿರಿಯಾನಿ ಒಲೆಯ ಕಿಡಿ ಬೇಸಿಗೆಯಲ್ಲಿ ಬೆಟ್ಟವನ್ನೇ ಸುಡಬಲ್ಲದು. ರಾತ್ರಿ ಆನೆ ಬಂದರೆ ಟೆಂಟಿನ ಬಟ್ಟೆ ಯಾರನ್ನೂ ಕಾಯುವುದಿಲ್ಲ.

ಶಿವನಸಮುದ್ರದ ಕಡೆ ಹೋಗುವವರು ಹೊಳೆಯ ಮರಳಿನ ಮೇಲೆ, ಬಂಡೆಗಳ ನಡುವೆ ಟೆಂಟು ಹಾಕಬೇಡಿ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಇಲ್ಲಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ನೆಂಟರ ತೋಟ, ಪರಿಚಯದವರ ಹೊಲ, ಅನುಮತಿಯಿರುವ ವಸತಿ ಇವೇ ಕ್ಷೇಮ. ಬೈಕ್ ಮತ್ತು ಪೆಟ್ರೋಲ್ ಇರುವ ಮುಚ್ಚಿದ ಗಾಡಿಯೊಳಗೆ ಮಲಗಬಾರದು, ಒಲೆ ಹಚ್ಚಬಾರದು. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲಮಟ್ಟದಲ್ಲಿ ಹರಡಿ ಕಿಡಿಗಾಗಿ ಕಾದಿರುತ್ತದೆ. ಮುಚ್ಚಿದ ಜಾಗದಲ್ಲಿ ಇದ್ದಿಲ ಒಲೆಯ ವಿಷಗಾಳಿ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಕೊಳ್ಳಬೇಕೇ, ಬಾಡಿಗೆ ಸಾಕೇ?

ಕೊನೆಯ ಲೆಕ್ಕ ದಿನಗಳದು. ವರ್ಷದಲ್ಲಿ ಎಷ್ಟು ದಿನ ಹೀಗೆ ಹೋಗುತ್ತೀರಿ? ಎರಡು ಈದ್, ಬೇಸಿಗೆ ರಜೆ, ಒಂದೆರಡು ಭಾನುವಾರ. ಹೆಚ್ಚೆಂದರೆ ಹತ್ತು ದಿನ. ಉಳಿದ 355 ದಿನ ಗಾಡಿಗೆ ದುಡಿಮೆ ಇದೆಯೇ? ಇದ್ದರೆ ಕೊಳ್ಳಿ, ಹತ್ತು ದಿನದ ಸಂತೋಷ ಅದರ ಜೊತೆಗೆ ಬರಲಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಾಗಿಲ್ಲ ಎಂಬ ಅನುಕೂಲವಿದೆ. ಆದರೆ ವಿಮೆ, ಫಿಟ್ನೆಸ್ ಪತ್ರ ಬೇಕೇ ಬೇಕು. 7,500 ಕಿಲೋವರೆಗಿನ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಬೈಕಿನ ಲೈಸೆನ್ಸ್ ಮಾತ್ರ ಇರುವ ಮಗನಿಗೆ ಇದು ಅನ್ವಯಿಸುವುದಿಲ್ಲ.

ದುಡಿಮೆ ಇಲ್ಲದಿದ್ದರೆ ಹತ್ತು ದಿನಕ್ಕೆ ಬಾಡಿಗೆ ಗಾಡಿ ಸಾಕು. ಬಳೆ ಕೈಯಲ್ಲೇ ಉಳಿಯುತ್ತದೆ, ಪ್ರವಾಸವೂ ಆಗುತ್ತದೆ.

ಈಗ ನಿಮ್ಮ ಹಾಳೆಯಲ್ಲಿ ನಾಲ್ಕು ಸಾಲುಗಳಿರಬೇಕು. ಗಾಡಿ ಎಷ್ಟು ಹೊರುತ್ತದೆ, ನಮ್ಮ ಹೊರೆ ಎಷ್ಟು, ಮನೆಯ ಪ್ರತಿಯೊಬ್ಬರೂ ಎಲ್ಲಿ ಕೂರುತ್ತಾರೆ, ವರ್ಷದಲ್ಲಿ ಎಷ್ಟು ದಿನ ಬೇಕು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಯಿಂದಲೇ ಈ ನಾಲ್ಕನ್ನೂ ತುಂಬಿಸಿ. ಮೂರನೆಯ ಸಾಲಿನಲ್ಲಿ ಒಬ್ಬರ ಹೆಸರಿನ ಮುಂದೆ ‘ಹಿಂದೆ’ ಎಂದು ಬರೆದಿದ್ದರೂ ಹಾಳೆಯನ್ನು ವಾಪಸು ಕೊಟ್ಟು ಮತ್ತೆ ಲೆಕ್ಕ ಮಾಡಲು ಹೇಳಿ.