ಪಿನ್‌ಪಾಯಿಂಟರ್ ತಗೋರಿ, ನಿಧಿಗಲ್ಲ, ಕಳೆದ ಓಲೆಗೆ

"ನಿಧಿ ಹುಡುಕಾಕ ಯಾವ ಪಿನ್‌ಪಾಯಿಂಟರ್ ಚಲೋ?" ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೀನಿ: ಯಾವುದೂ ಅಲ್ಲ.

ಪಿನ್‌ಪಾಯಿಂಟರ್ ಅಂದ್ರೆ ಗಜ್ಜರಿ ಗಾತ್ರದ, ಕೈಯಲ್ಲಿ ಹಿಡಿಯುವ ಲೋಹಶೋಧಕ. ನಾಣ್ಯದಷ್ಟು ದೊಡ್ಡದನ್ನು ಒಂದೆರಡು ಇಂಚು ದೂರದಿಂದ ಹಿಡಿಯುತ್ತದೆ. ಸಣ್ಣ ಮೂಗುತಿಯಾದ್ರೆ ತುದಿ ಹೆಚ್ಚುಕಡಿಮೆ ತಾಗಬೇಕು. ಹತ್ತಡಿ ಆಳದ ಬಂಗಾರ ತೋರಿಸ್ತೀನಿ ಅನ್ನುವ ಜಾಹೀರಾತು ಕಂಡ್ರೆ ಮುಂದೆ ಸ್ಕ್ರೋಲ್ ಮಾಡ್ರಿ.

ಹಾಗಾದ್ರೆ ಹಾವೇರಿ ಕಡೆಯವರಿಗೆ ಇದರಿಂದ ಏನು ಉಪಯೋಗ? ಬಹಳ ಐತಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಓಲೆಯ ತಿರುಪು ಸಡಿಲಾಗಿ ರಾಶಿಯೊಳಗೆ ಬಿತ್ತು ಅನ್ಕೋರಿ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನೊಳಗೆ ಕಾಲುಂಗುರ ಜಾರಿತು ಅನ್ಕೋರಿ. ಬಿದ್ದ ಜಾಗ ಅಂದಾಜು ಗೊತ್ತಿದ್ದರೆ ದೊಡ್ಡ ಡಿಟೆಕ್ಟರ್ ಬೇಕಿಲ್ಲ. ಕೂಲಿ ಮಾಡುವ ಹೆಣ್ಣುಮಗಳಿಗೆ ಆ ಅರ್ಧ ಗ್ರಾಂ ಬಂಗಾರ ಎಷ್ಟು ದಿನದ ದುಡಿಮೆ, ಲೆಕ್ಕ ಹಾಕಿ ನೋಡ್ರಿ.

ಕೊಳ್ಳುವಾಗ ನಾನು ನೋಡೋದು ಇಷ್ಟು:

1. ಮಣ್ಣಿಗೆ ಹೊಂದಿಸಿಕೊಳ್ಳುವ ಸೌಲಭ್ಯ. ನಮ್ಮ ಮಸಾರಿ ನೆಲದಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅಗ್ಗದ ಸಾಧನ ಬರೀ ಮಣ್ಣಿಗೇ ಕೂಗುತ್ತದೆ. ಸೂಕ್ಷ್ಮತೆ ಏರಿಳಿಸುವ, ನೆಲಕ್ಕೆ ಹಿಡಿದು ಮತ್ತೆ ಹೊಂದಿಸುವ ಬಟನ್ ಇರಲೇಬೇಕು.

2. ವೈಬ್ರೇಷನ್. ಟ್ರ್ಯಾಕ್ಟರ್ ಸದ್ದಿನೊಳಗೆ ಬೀಪ್ ಯಾರಿಗೆ ಕೇಳಿಸುತ್ತೆ?

3. ನೀರು, ಧೂಳು ತಡೆಯುವ ಮೈ. ಗ್ಯಾರೆಟ್ ಕಂಪನಿಯ ಪ್ರೊ-ಪಾಯಿಂಟರ್ ಎಟಿ 20 ಅಡಿ ನೀರಿನವರೆಗೆ ತಡೆಯುತ್ತದೆ. ನಮಗೆ ಅಷ್ಟು ಬೇಡ, ನಳದ ಕೆಳಗೆ ತೊಳೆಯುವಂತಿದ್ರೆ ಸಾಕು.

4. ಬ್ಯಾಟರಿ. 9 ವೋಲ್ಟಿನದಾದ್ರೆ ಹೊಲಕ್ಕೆ ಹೋಗುವಾಗ ಒಂದು ಜೇಬಿನಲ್ಲಿ ಇಟ್ಕೊಂಡು ಹೋಗಬಹುದು. ಒಳಗೇ ಚಾರ್ಜ್ ಆಗುವಂಥದ್ದು ನಡುವೆ ಕೈಕೊಟ್ರೆ ಅವತ್ತಿನ ಕೆಲಸ ಮುಗೀತು.

5. ಬಣ್ಣ. ಕೆಂಪು ಮಾತ್ರ ಬ್ಯಾಡ. ಬ್ಯಾಡಗಿ ರಾಶಿಯೊಳಗೆ ಆಮೇಲೆ ಅದನ್ನೇ ಹುಡುಕಬೇಕಾಗುತ್ತೆ!

ಆನ್‌ಲೈನಿನಲ್ಲಿ ತರಿಸಿದ್ರೆ, ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆ ಮನೆಯ ಸಣ್ಣ ಓಲೆಯನ್ನೇ ಇಟ್ಟು ಪರೀಕ್ಷೆ ಮಾಡ್ರಿ. ನಾಣ್ಯ ಹಿಡಿಯುವುದೆಲ್ಲ ಓಲೆ ಹಿಡಿಯಲ್ಲ. ಜಾತ್ರೆ, ಸಭೆಗಳ ಬಾಗಿಲಲ್ಲಿ ಮೈಮೇಲೆ ಆಡಿಸುವ ಅಗಲ ಬ್ಯಾಟಿನಂಥದ್ದೂ ಇದಕ್ಕೆ ಬದಲಿ ಅಲ್ಲ. ಅದು ಲೋಹ ಐತಿ ಅನ್ನುತ್ತೆ, ಇದು ಇಲ್ಲೇ ಐತಿ ಅನ್ನುತ್ತೆ.

ಈಗ ಮುಖ್ಯ ಮಾತು. ಇಂಗ್ಲೆಂಡಿನ ವಿಡಿಯೋ ನೋಡಿ ಹಳೇ ಗುಡಿ, ಕೋಟೆ ಸುತ್ತ ಅಗೆಯಲು ಹೋಗಬ್ಯಾಡ್ರಿ. ಅಲ್ಲಿಯೂ ಜಮೀನಿನ ಮಾಲೀಕರ ಒಪ್ಪಿಗೆ ಬೇಕು, 1996ರ ನಿಧಿ ಕಾಯ್ದೆ ಪ್ರಕಾರ ಸಿಕ್ಕ ನಿಧಿಯ ವರದಿ ಕೊಡಬೇಕು. ನಮ್ಮಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಐತಿ. ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ. ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ, ಗಳಗನಾಥದ ಗಳಗೇಶ್ವರ ಸಂರಕ್ಷಿತ ಸ್ಮಾರಕಗಳು. ಅಲ್ಲಿ ಸಲಿಕೆ ಹಾಕುವುದು ಹವ್ಯಾಸ ಅಲ್ಲವೇ ಅಲ್ಲ.

ಕಾನೂನು ಬಿಡ್ರಿ, ನಷ್ಟ ಯಾರಿಗೆ? ನಿಧಿ ಆಸೆಗೆ ನಂದಿ ಒಡೆದ, ಗರ್ಭಗುಡಿ ಅಗೆದ ಸುದ್ದಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಒಂದು ಹಳೇ ನಾಣ್ಯ ಯಾವ ಪದರದಲ್ಲಿ, ಯಾವ ಮಡಿಕೆ ಚೂರಿನ ಪಕ್ಕ ಇತ್ತು ಅನ್ನೋದೇ ಅದರ ಕಥೆ. ಕಿತ್ತು ಜೇಬಿಗೆ ಹಾಕಿದ ಮೇಲೆ ಅದು ಬರೀ ತಾಮ್ರ. ಹೊಲದಾಗ ಹಳೇದು ಏನಾದ್ರೂ ಕಂಡ್ರೆ ಅಲ್ಲೇ ಬಿಟ್ಟು, ಫೋಟೋ ತೆಗೆದು, ತಹಶೀಲ್ದಾರ್ ಕಚೇರಿಗೆ ತಿಳಿಸ್ರಿ.

ನನ್ನ ಅಭಿಪ್ರಾಯ ಇಷ್ಟೇ: ಊರಿಗೊಂದು ಒಳ್ಳೇ ಪಿನ್‌ಪಾಯಿಂಟರ್ ಇರಲಿ. ನಾಲ್ಕು ಮಂದಿ ಕೂಡಿ ತಗೋರಿ. ಓಲೆ ಕಳ್ಕೊಂಡವರು ಬಂದಾಗ ಹೋಗಿ ಹುಡುಕಿಕೊಡ್ರಿ. ಯಾರದ್ದೋ ಕಳೆದದ್ದನ್ನು ಅವರ ಅಂಗೈಗೇ ಇಡುವ ಹವ್ಯಾಸ ಇದು.

ನಿಮ್ಮೂರಿನಲ್ಲಿ ಎಂಥ ಮಣ್ಣು, ಎರೆಯೋ ಮಸಾರಿಯೋ? ಕಾಮೆಂಟಿನಲ್ಲಿ ಬರೀರಿ.

#ಹಾವೇರಿ #ಬ್ಯಾಡಗಿ #ರಾಣೆಬೆನ್ನೂರು #ಲೋಹಶೋಧಕ