ಬಣ್ಣ ಉಳಿಯೋ ಸಾಬೂನು ಮಾಡ್ರಿ, ಮಾತೂ ಉಳಿಯುತ್ತೆ



ನಮ್ಮ ರನ್ನ ಬೆಳಗಲಿ, ಮುಧೋಳ, ಜಮಖಂಡಿ ಕಡೆ ಕಬ್ಬಿನ ಜೊತೆ ಅರಿಶಿನ ಬೆಳೆಯೋರೂ ಇದ್ದಾರೆ. ರೇಟು ಬಿದ್ದಾಗ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: ಮೌಲ್ಯವರ್ಧನೆ. ನಾನೂ ಅದೇ ಹಾದಿ ಹಿಡಿದು ಕೋಲ್ಡ್ ಪ್ರೋಸೆಸ್ ಸಾಬೂನು ಮಾಡೋಕೆ ಹೊರಟೆ. ತೋಟಗಾರಿಕೆ ಪದವಿ ಓದಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ.

ಬೀಟ್‌ರೂಟ್ ಹಾಕಿದ್ದು ಪಾತ್ರೆಯಲ್ಲೇ ಕಂದು ಬಣ್ಣಕ್ಕೆ ತಿರುಗಿತು. ನುಗ್ಗೆ ಸೊಪ್ಪಿನ ಪುಡಿ ಹಾಕಿದ್ದು ಮಾತ್ರ ಕತ್ತರಿಸಿದಾಗ ಚಂದ ಹಸಿರಾಗಿತ್ತು. ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದೆ, ಆರ್ಡರ್ ಬಂತು. ಆರು ವಾರ ಹದವಾಗಿ ಗಿರಾಕಿಯ ಕೈ ಸೇರುವಷ್ಟರಲ್ಲಿ ಅದು ಒಣಗಿದ ಎಲೆಯ ಬಣ್ಣಕ್ಕೆ ಬಂದಿತ್ತು. "ಫೋಟೊದಾಗ ಹಸಿರು ಸಬಕಾರ ಇತ್ತಲ್ರಿ, ಹಳೇ ಸ್ಟಾಕ್ ಕಳಿಸೀರೇನು?" ಅಂತ ಫೋನ್ ಬಂತು. ಸಾಬೂನು ಕೆಟ್ಟಿರಲಿಲ್ಲ, ನೊರೆನೂ ಚೆನ್ನಾಗಿತ್ತು. ಆದ್ರೆ ನನ್ನ ಮಾತು ಸುಳ್ಳಾಗಿತ್ತು. ದುಡ್ಡು ವಾಪಸ್ ಕೊಟ್ಟೆ, ಆ ಗಿರಾಕಿ ಮತ್ತೆ ಬರಲಿಲ್ಲ.

ಅದಕ್ಕೇ ಈಗ ಖಡಾಖಂಡಿತವಾಗಿ ಹೇಳ್ತೀನಿ: ಹೊಲದಲ್ಲಿ ಏನು ಬೆಳೆದಿದೆ ಅಂತ ನೋಡಿ ಬಣ್ಣ ಆರಿಸಬೇಡ್ರಿ. ಕ್ಷಾರ ಮತ್ತು ಬೆಳಕು ಎರಡನ್ನೂ ತಡೆಯೋ ಬಣ್ಣ ಆರಿಸ್ರಿ.

ಬಣ್ಣ ಯಾಕೆ ಕೆಡುತ್ತೆ?

ಕಾಸ್ಟಿಕ್ ಸೋಡಾ ಬೆರೆಸಿದ ಹಸಿ ಮಿಶ್ರಣ ತುಂಬಾ ತೀಕ್ಷ್ಣ ಕ್ಷಾರ. ಹದವಾದ ಸಾಬೂನಿನ ಪಿಎಚ್ ಕೂಡ 9ರಿಂದ 10ರ ಆಸುಪಾಸು ಇರುತ್ತೆ. ಅರಿಶಿನಕ್ಕೆ ಸುಣ್ಣ ಬೆರೆಸಿದ್ರೆ ಆರತಿ ನೀರು ಕೆಂಪಾಗೋದು ಮನೆಯಲ್ಲಿ ಅವ್ವನಿಗೆ ಗೊತ್ತು. ಸಾಬೂನಿನೊಳಗೂ ಅದೇ ಆಟ: ಅರಿಶಿನ ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆ-ಹಳದಿಗೆ ಬರುತ್ತೆ. ಬೀಟ್‌ರೂಟ್ ಮತ್ತು ದಾಸವಾಳದ ಕೆಂಪು ಕ್ಷಾರದಲ್ಲಿ ನಿಲ್ಲೋದೇ ಇಲ್ಲ. ಇನ್ನು ಬೇವು, ನುಗ್ಗೆ, ಪಾಲಕ್ ಸೊಪ್ಪಿನ ಹಸಿರು ಮತ್ತು ಅರಿಶಿನದ ಹಳದಿಗೆ ಬೆಳಕೇ ಶತ್ರು. ಕಿಟಕಿ ಹತ್ತಿರ ಇಟ್ರೆ ಬೇಗ ಮಾಸುತ್ತವೆ.

ಯಾವುದು ನಿಲ್ಲುತ್ತೆ?

- ಇದ್ದಲು: ನುಣ್ಣಗೆ ಅರೆದ ಆಕ್ಟಿವೇಟೆಡ್ ಚಾರ್‌ಕೋಲ್ ಬೂದಿ ಬಣ್ಣದಿಂದ ಕಪ್ಪಿನವರೆಗೆ ಕೊಡುತ್ತೆ, ಮಾಸೋದಿಲ್ಲ. ಜಾಸ್ತಿ ಹಾಕಿದ್ರೆ ನೊರೆನೂ ಬೂದಿಯಾಗುತ್ತೆ.
- ಮಣ್ಣು: ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್‌ನಿಂದ ಬಂದದ್ದು. ಕ್ಷಾರಕ್ಕೂ ಬಿಸಿಲಿಗೂ ಜಗ್ಗೋದಿಲ್ಲ.
- ನೀಲಿ ಗಿಡದ ಇಂಡಿಗೊ: ಚಿಟಿಕೆಯಷ್ಟು ಸಾಕು.
- ಮಂಜಿಷ್ಠ ಬೇರಿನ ಪುಡಿ: ಗುಲಾಬಿಯಿಂದ ಕಡುಗೆಂಪಿನವರೆಗೆ.
- ಅನ್ನಾಟೊ ಬೀಜ: ಎಣ್ಣೆಯಲ್ಲಿ ನೆನೆಸಿ ಸೋಸಿದ್ರೆ ಹಳದಿ-ಕಿತ್ತಳೆ. ಕ್ಷಾರ ತಡೆಯುತ್ತೆ, ಆದ್ರೆ ಬೆಳಕಿನಿಂದ ದೂರ ಇಡಬೇಕು.

ಪುಡಿ ಬಣ್ಣಗಳಿಗೆ 500 ಗ್ರಾಂ ಎಣ್ಣೆಗೆ ಅರ್ಧದಿಂದ ಒಂದು ಟೀ ಚಮಚದಲ್ಲಿ ಶುರು ಮಾಡ್ರಿ. ಮೊದಲು ಸ್ವಲ್ಪ ಎಣ್ಣೆಯಲ್ಲಿ ಕಲಸಿಕೊಂಡ್ರೆ ಗಂಟು ಕಟ್ಟೋದಿಲ್ಲ.

ಒಂದು ಎಚ್ಚರಿಕೆ. ಹೊಲದ ಮಣ್ಣು, ಪೂಜೆ ಅಂಗಡಿಯ ಕುಂಕುಮ, ಮಿಠಾಯಿ ಬಣ್ಣ, ರಬಕವಿ-ಬನಹಟ್ಟಿ ಕಡೆ ನೂಲಿಗೆ ಹಾಕೋ ಬಣ್ಣ ಯಾವುದನ್ನೂ ಸಾಬೂನಿಗೆ ಸುರಿಯಬೇಡ್ರಿ. ನೂಲಿನ ಮೇಲೆ ಗಟ್ಟಿ ನಿಂತ ಬಣ್ಣ ಚರ್ಮಕ್ಕೆ ಒಳ್ಳೇದು ಅಂತ ಅರ್ಥ ಅಲ್ಲ. ಸೀಸ, ಆರ್ಸೆನಿಕ್ ಪರೀಕ್ಷೆ ಆದ ಕಾಸ್ಮೆಟಿಕ್ ದರ್ಜೆಯದ್ದನ್ನೇ ಕೊಳ್ಳಿರಿ. ಯಾವ ಬಣ್ಣ ಬಳಸಬಹುದು ಅನ್ನೋ ಪಟ್ಟಿ ಐಎಸ್ 4707 ಭಾಗ 1ರಲ್ಲಿ ಇದೆ. ಮಾರಾಟಕ್ಕೆ ಸಾಬೂನು ಮಾಡೋಕೆ ಕಾಸ್ಮೆಟಿಕ್ಸ್ ನಿಯಮಗಳು 2020ರ ಪ್ರಕಾರ ಲೈಸೆನ್ಸ್ ಕೂಡ ಬೇಕು. ಶುರುವಿನಲ್ಲಿ ನನಗೂ ಇದು ಗೊತ್ತಿರಲಿಲ್ಲ, ನೀವು ಮೊದಲೇ ವಿಚಾರಿಸ್ರಿ.

ಮಾರೋ ಮುಂಚೆ ಪರೀಕ್ಷೆ

ಪ್ರತಿ ಬಣ್ಣದ ಒಂದೊಂದು ಸಣ್ಣ ತುಂಡು ತಗೊಂಡು ಅರ್ಧ ಭಾಗಕ್ಕೆ ಬೆಳ್ಳಿ ಬಣ್ಣದ ಫಾಯಿಲ್ ಸುತ್ತಿ ಕಿಟಕಿಯಲ್ಲಿ ಇಡ್ರಿ. ಎರಡು ತಿಂಗಳ ನಂತರ ಫಾಯಿಲ್ ಬಿಚ್ಚಿ ನೋಡ್ರಿ. ಎರಡೂ ಭಾಗ ಒಂದೇ ಥರ ಇದ್ರೆ ಆ ಬಣ್ಣ ಗೆದ್ದ ಹಾಗೆ. ಗಿರಾಕಿಗೆ ಕಳಿಸೋ ಫೋಟೊ ಕೂಡ ಹದವಾದ ಸಾಬೂನಿನದ್ದೇ ಇರಲಿ, ಕತ್ತರಿಸಿದ ದಿನದ್ದಲ್ಲ.

"ಇದ್ದಲು, ಮಣ್ಣು ಹಾಕಿದ್ರೆ ನನ್ನ ಅರಿಶಿನಕ್ಕೆ ಏನು ಲಾಭ?" ಅಂತ ನೀವು ಕೇಳಬಹುದು. ಅರಿಶಿನ ಬಿಡ್ರಿ ಅಂತ ನಾನು ಹೇಳ್ತಿಲ್ಲ. ನಾನೂ ಈಗ್ಲೂ ಹಾಕ್ತೀನಿ. ಆದ್ರೆ ಡಬ್ಬಿಯಲ್ಲಿ ಮುಚ್ಚಿ ಕೊಡ್ತೀನಿ, ಲೇಬಲ್ ಮೇಲೆ "ಬೆಳಕಿಗೆ ಇಟ್ಟರೆ ಬಣ್ಣ ತಿಳಿಯಾಗುತ್ತದೆ" ಅಂತ ಬರೀತೀನಿ. ಅದನ್ನು ಓದಿ ಯಾರೂ ಬೇಡ ಅಂದಿಲ್ಲ. ಮೊದಲೇ ಹೇಳಿದ್ರೆ ಅದು ಅರಿಶಿನದ ಗುಣ, ಆಮೇಲೆ ಗೊತ್ತಾದ್ರೆ ನಮ್ಮ ಮೋಸ.

ಬನಹಟ್ಟಿ ಸೀರೆ ಕೊಳ್ಳುವಾಗ ನಮ್ಮ ಅವ್ವಂದಿರು ಕೇಳೋ ಮೊದಲ ಪ್ರಶ್ನೆ, "ಬಣ್ಣ ಹೋಗೂದಿಲ್ಲಲ್ರಿ?" ನಮ್ಮ ಸಾಬೂನಿಗೂ ಅದೇ ಪ್ರಶ್ನೆ ಬರುತ್ತೆ. ಉತ್ತರ ತಯಾರಿದ್ರೆ ಮಾತ್ರ ಮಾರುಕಟ್ಟೆಗೆ ಇಳೀರಿ.