ನೂರಿಪ್ಪತ್ತು ಹರ್ಟ್ಸ್ ಟೆಲಿವಿಷನ್ ನಮಗೆ ಬೇಕೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಬಹುಮಟ್ಟಿಗೆ ಮಳೆಯನ್ನೇ ನಂಬಿ ಕಡಲೆಕಾಯಿ, ರಾಗಿಗಳನ್ನು ಬೆಳೆಯುವ ಸೀಮೆಯಿದು. ಈ ಭಾಗದ ವಿದ್ಯಾರ್ಥಿಯೊಬ್ಬನು ಈಚೆಗೆ ನಮ್ಮ ಪ್ರಯೋಗಾಲಯದಲ್ಲಿ ಲೋಲಕದ ಪ್ರಯೋಗವನ್ನು ಮುಗಿಸಿದವನು, "ಸಾರ್, ಪ್ಲೇಸ್ಟೇಷನ್ ಆಡುವುದಕ್ಕೆ 60 ಹರ್ಟ್ಸ್ ಟಿವಿ ಸಾಕೆ, 120 ಹರ್ಟ್ಸಿನದೇ ಬೇಕೆ?" ಎಂದು ಕೇಳಿದನು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವನ ಅಣ್ಣನು ಆಟದ ಯಂತ್ರವನ್ನು ತಂದುಕೊಟ್ಟಿದ್ದನು. ಕಡಲೆಕಾಯಿ ಮಾರಿದ ಹಣದಲ್ಲಿ ಮನೆಗೆ ಹೊಸ ಟೆಲಿವಿಷನ್ ತರುವ ಮಾತು ನಡೆದಿತ್ತು. ಯಾವುದನ್ನು ತರಬೇಕೆಂಬುದನ್ನು ತಂದೆಯವರು ವಿಜ್ಞಾನ ಓದುವ ಮಗನಿಗೇ ಬಿಟ್ಟಿದ್ದರು. ಪ್ರಶ್ನೆಯು ಆಟದ್ದೆಂದು ನಾವು ನಕ್ಕು ಸುಮ್ಮನಾಗಲಿಲ್ಲ. ಒಂದು ಸಂಸಾರದ ಒಂದು ಬೆಳೆಯ ಹಣವು ಅದರಲ್ಲಿ ಅಡಗಿತ್ತು.

ಮೊದಲು ಹರ್ಟ್ಸ್ ಎಂಬ ಮಾತಿನ ಅರ್ಥವನ್ನು ನೋಡೋಣ. ಟೆಲಿವಿಷನ್ ಪರದೆಯು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬರೆಯಬಲ್ಲುದೋ ಆ ಸಂಖ್ಯೆಯೇ ಅದರ ರಿಫ್ರೆಶ್ ರೇಟ್. 60 ಹರ್ಟ್ಸಿನ ಪರದೆಯಲ್ಲಿ ಒಂದು ಚಿತ್ರವು 16.7 ಮಿಲಿಸೆಕೆಂಡು ನಿಲ್ಲುತ್ತದೆ. 120 ಹರ್ಟ್ಸಿನದರಲ್ಲಿ 8.3 ಮಿಲಿಸೆಕೆಂಡು. ಮಾತಿನ ಚಿತ್ರಗಳು ಬಂದಂದಿನಿಂದ ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರಗಳೆಂಬ ಕಟ್ಟು ನಡೆದುಬಂದಿದೆ. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರವು ಪ್ರಾರಂಭವಾದಾಗ ನಮ್ಮ ಮನೆಗಳಿಗೆ ಬಂದುದು ಸೆಕೆಂಡಿಗೆ 25 ಚಿತ್ರಗಳು. ಒಂದೊಂದನ್ನೂ ಎರಡು ಅರ್ಧಗಳಾಗಿ ಸೀಳಿ 50 ಸಲ ತೋರಿಸುತ್ತಿದ್ದರು. ನಮ್ಮ ವಿದ್ಯುತ್ತಿನ ಆವೃತ್ತಿಯು 50 ಹರ್ಟ್ಸ್ ಆದುದೇ ಆ ಸಂಖ್ಯೆಗೆ ಕಾರಣ.

ಹಾಗಾದರೆ 50 ಹರ್ಟ್ಸ್ ವಿದ್ಯುತ್ತಿನಿಂದ ನಡೆಯುವ ಪೆಟ್ಟಿಗೆಯು 120 ಹರ್ಟ್ಸಿನಲ್ಲಿ ಚಿತ್ರ ಬರೆಯುವುದು ಹೇಗೆ ಎಂದು ತರಗತಿಯಲ್ಲಿ ಇನ್ನೊಬ್ಬನು ಕೇಳಿದನು. ಪ್ರಶ್ನೆಯು ಬಹಳ ಒಳ್ಳೆಯದು. ಪಾವಗಡದ ತಿರುಮಣಿಯ ಸುತ್ತ ಐದು ಗ್ರಾಮಗಳ ನೆಲದಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕನ್ನು ಇಲ್ಲಿಯವರೆಲ್ಲ ನೋಡಿದ್ದಾರೆ. ಅಲ್ಲಿನ ಫಲಕಗಳು ಕೊಡುವುದು ನೇರ ವಿದ್ಯುತ್ತು. ಇನ್ವರ್ಟರುಗಳು ಅದನ್ನು 50 ಹರ್ಟ್ಸಿನ ಪರ್ಯಾಯ ವಿದ್ಯುತ್ತಾಗಿ ಮಾಡಿ ತಂತಿಗೆ ಕಳುಹಿಸುತ್ತವೆ. ಟೆಲಿವಿಷನ್ನಿನ ಒಳಗೆ ನಡೆಯುವುದು ಇದರ ವಿಲೋಮ ಕ್ರಿಯೆ. ಅದು ಪರ್ಯಾಯ ವಿದ್ಯುತ್ತನ್ನು ಮತ್ತೆ ನೇರ ವಿದ್ಯುತ್ತಾಗಿಸಿ, ತನ್ನದೇ ಸ್ಫಟಿಕದ ಗಡಿಯಾರವೊಂದರ ತಾಳಕ್ಕೆ ಚಿತ್ರವನ್ನು ಬರೆಯುತ್ತದೆ. ಇಂದಿನ ಪರದೆಗೆ ತಂತಿಯ ಆವೃತ್ತಿಯ ಹಂಗಿಲ್ಲ.

"24 ಚಿತ್ರಗಳಿಗಿಂತ ಹೆಚ್ಚನ್ನು ಕಣ್ಣು ಕಾಣಲಾರದು" ಎಂದು ಹೇಳುವವರುಂಟು. ಇದು ತಪ್ಪು. ಶಾಲೆಯ ಕಂಪ್ಯೂಟರಿನ ಬಾಣದ ಗುರುತನ್ನು ರಭಸದಿಂದ ಅತ್ತಿತ್ತ ಆಡಿಸಿ ನೋಡಿರಿ. ಒಂದು ಗೆರೆಯ ಬದಲು ಬಿಡಿಬಿಡಿಯಾದ ಹಲವು ಬಾಣಗಳು ಕಾಣುತ್ತವೆ. 60 ಹರ್ಟ್ಸಿನ ನಡುವಿನ ತೆರಪುಗಳನ್ನು ನಿಮ್ಮ ಕಣ್ಣೇ ಹಿಡಿದುಕೊಟ್ಟಿತು. ಟೆಲಿವಿಷನ್ನಿನಲ್ಲಿ ಚಲಿಸುವ ಚೆಂಡನ್ನು ಕಣ್ಣು ಹಿಂಬಾಲಿಸುವಾಗಲಾದರೋ ಬೇರೊಂದು ದೋಷವು ತಲೆದೋರುತ್ತದೆ. ಕಣ್ಣು ಎಡೆಬಿಡದೆ ಸರಿಯುತ್ತಿರುತ್ತದೆ. ಚಿತ್ರವು ಮಾತ್ರ ನಿಂತು ನಿಂತು ನೆಗೆಯುತ್ತದೆ. 3,840 ಪಿಕ್ಸೆಲುಗಳ ಅಗಲವನ್ನು ಚೆಂಡು ಎರಡು ಸೆಕೆಂಡಿನಲ್ಲಿ ದಾಟುವುದಾದರೆ, 60 ಹರ್ಟ್ಸಿನಲ್ಲಿ ಅದರ ಅಂಚು 32 ಪಿಕ್ಸೆಲುಗಳಷ್ಟು ಮಸುಕಾಗುವುದು. 120 ಚಿತ್ರಗಳಿದ್ದರೆ 16ರಷ್ಟು ಮಾತ್ರ. ಆದುದರಿಂದ 120 ಹರ್ಟ್ಸಿನ ಲಾಭವು ಬರಿಯ ಜಾಹೀರಾತಿನ ಮಾತಲ್ಲ. ಅದು ನಿಜವಾದುದು, ಲೆಕ್ಕಕ್ಕೆ ಸಿಕ್ಕುವಂಥದು.

ಎರಡನೆಯ ಲಾಭವೆಂದು ಹೇಳುವುದು ಚುರುಕು. ಇದನ್ನು ಅಡಿಕೋಲಿನಿಂದ ಅಳೆಯಬಹುದು. ಗೆಳೆಯನು ಅಡಿಕೋಲನ್ನು ಹಠಾತ್ತನೆ ಕೈಬಿಡಲಿ. ನೀವು ಅದನ್ನು ಹಿಡಿಯಿರಿ. ಸಾಮಾನ್ಯವಾಗಿ ಅದು ಸುಮಾರು 20 ಸೆಂಟಿಮೀಟರು ಬಿದ್ದಿರುತ್ತದೆ. ಬೀಳುವ ವಸ್ತುವಿನ ಸಮೀಕರಣದಿಂದ ನಿಮ್ಮ ಪ್ರತಿಕ್ರಿಯೆಯ ಕಾಲವು 200 ಮಿಲಿಸೆಕೆಂಡು ಎಂದಾಯಿತು. ಒಂದೊಂದು ಚಿತ್ರದಲ್ಲಿ 120 ಹರ್ಟ್ಸ್ ಉಳಿಸಿಕೊಡುವ 8.3 ಮಿಲಿಸೆಕೆಂಡನ್ನು ಇದರಿಂದ ಕಳೆದರೆ ಕೋಲು ಒಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ಮೇಲೆ ಸಿಕ್ಕುವುದು, ಅಷ್ಟೆ. ಸರಿಸಮರಾದ ಇಬ್ಬರು ನುರಿತ ಆಟಗಾರರಿಗೆ ಇದೂ ಮುಖ್ಯವಾಗಬಹುದು. ಸಂಜೆ ಅರ್ಧ ಗಂಟೆ ಆಡುವವನಿಗೆ ಆಗಲಾರದು. ಇಂಟರ್‌ನೆಟ್ಟಿನ ಮೂಲಕ ಆಡುವಾಗಲಂತೂ ಸಂಕೇತವು ದೂರದ ಊರಿಗೆ ಹೋಗಿ ಬರುವುದಕ್ಕೇ ಹಲವು ಹತ್ತು ಮಿಲಿಸೆಕೆಂಡುಗಳು ಹಿಡಿಯುತ್ತವೆ.

ಇನ್ನು ಮುಖ್ಯವಾದ ಸಂಗತಿಗೆ ಬರೋಣ. ಕೆರೆ ಕೋಡಿ ಬಿದ್ದಿದ್ದರೂ ಗದ್ದೆಗೆ ಬರುವುದು ತೂಬು ಬಿಟ್ಟಷ್ಟೇ ನೀರು. ಇಲ್ಲಿ ತೂಬುಗಳು ಮೂರು: ಆಟ, ಆಟದ ಯಂತ್ರ, ಕೇಬಲ್ಲು. ಪ್ಲೇಸ್ಟೇಷನ್ 4 ಮತ್ತು 2017ರ ನಿಂಟೆಂಡೊ ಸ್ವಿಚ್ ಯಂತ್ರಗಳು ಟೆಲಿವಿಷನ್ನಿಗೆ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚನ್ನು ಕಳುಹಿಸಲಾರವು. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 120ನ್ನು ಕೊಡಬಲ್ಲುವು; ಅದೇ ಅವುಗಳ ಮಿತಿ. ಆದಕಾರಣ 144 ಹರ್ಟ್ಸಿನ ಟೆಲಿವಿಷನ್ನಿಗೆ ಈ ಯಂತ್ರಗಳಿಗಾಗಿ ಹೆಚ್ಚು ಹಣ ಕೊಡುವುದು ವ್ಯರ್ಥ. 120 ಕೊಡಬಲ್ಲ ಯಂತ್ರದಲ್ಲಿಯೂ ಬಹುಪಾಲು ಆಟಗಳು ಓಡುವುದು 30 ಅಥವಾ 60 ಚಿತ್ರಗಳಲ್ಲಿ. 60 ಚಿತ್ರಗಳ ಆಟವನ್ನು 120 ಹರ್ಟ್ಸಿನ ಪರದೆಯು ಒಂದೊಂದು ಚಿತ್ರವನ್ನೂ ಎರಡೆರಡು ಸಲ ಬರೆದು ತೋರಿಸುತ್ತದೆ. ಇದರಿಂದ ಮಸುಕೇನೂ ಕಡಿಮೆಯಾಗದು.

ಕೇಬಲ್ಲಿನ ಲೆಕ್ಕವೂ ಸರಳ. 3,840ನ್ನು 2,160ರಿಂದಲೂ, ಬಂದುದನ್ನು ಪಿಕ್ಸೆಲಿಗೆ 24 ಬಿಟ್ಟುಗಳಂತೆಯೂ, ಆಮೇಲೆ 120ರಿಂದಲೂ ಗುಣಿಸಿದರೆ ಸೆಕೆಂಡಿಗೆ ಸುಮಾರು 24 ಗಿಗಾಬಿಟ್ಟುಗಳಾಗುವುವು. ಎಚ್‌ಡಿಎಂಐ 2.0 ಎಂಬ ಹಳೆಯ ಜೋಡಣೆಯ ಮಿತಿ 18, 2.1ರ ಮಿತಿ 48. ಅನೇಕ ಟೆಲಿವಿಷನ್ನುಗಳಲ್ಲಿ ಒಂದೆರಡು ರಂಧ್ರಗಳು ಮಾತ್ರ ಈ ಹೊಸ ಬಗೆಯವು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ "ಮೋಷನ್ 120" ಎಂಬಂಥ ಮಾತಿದ್ದರೆ ಇನ್ನೂ ಎಚ್ಚರವಾಗಿರಬೇಕು. ಪರದೆಯು 60 ಹರ್ಟ್ಸಿನದಾಗಿದ್ದರೂ ಇಂಥ ಹೆಸರುಗಳನ್ನು ಕೊಡುವುದುಂಟು. ಎರಡು ಚಿತ್ರಗಳ ನಡುವೆ ಊಹೆಯ ಚಿತ್ರವೊಂದನ್ನು ಸೇರಿಸುವ ಉಪಾಯವೂ ಆಟಕ್ಕೆ ಬಾಧಕವೇ. ಮುಂದಿನ ಚಿತ್ರವು ಬರುವವರೆಗೆ ಕಾಯದೆ ನಡುವಿನದನ್ನು ಊಹಿಸಲಾಗದಷ್ಟೆ. ಆಟದ ವಿಧಾನವನ್ನು ಆರಿಸಿದೊಡನೆ ಟೆಲಿವಿಷನ್ನುಗಳು ಸಾಮಾನ್ಯವಾಗಿ ಅದನ್ನು ನಿಲ್ಲಿಸಿಬಿಡುತ್ತವೆ.

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. 120 ಎಂಬುದು ಬಲು ಅನುಕೂಲವಾದ ಸಂಖ್ಯೆ. ಅದು 24ರಿಂದಲೂ 30ರಿಂದಲೂ 40ರಿಂದಲೂ 60ರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. 24 ಚಿತ್ರಗಳ ಸಿನಿಮಾವನ್ನು ಒಂದೊಂದನ್ನೂ ಐದು ಸಲ ತೋರಿಸಿ ಸಮವಾಗಿ ನಡೆಸಬಹುದು. 60ರಲ್ಲಿ ಎರಡು ಸಲ, ಮೂರು ಸಲ ಎಂದು ಕುಂಟಬೇಕಾಗುತ್ತದೆ. ಕೆಲವು ಆಟಗಳಲ್ಲಿ 40 ಚಿತ್ರಗಳ ಏರ್ಪಾಡು ಬಂದಿರುವುದೂ ಇದರಿಂದಲೇ. 30 ಚಿತ್ರಗಳಾದರೆ ಒಂದಕ್ಕೆ 33.3 ಮಿಲಿಸೆಕೆಂಡು, 60 ಆದರೆ 16.7, 40 ಆದರೆ 25. ಕಾಲದ ಲೆಕ್ಕದಲ್ಲಿ 40 ಸರಿಯಾಗಿ ನಡುವೆ ನಿಲ್ಲುತ್ತದೆ. 60 ಹರ್ಟ್ಸಿನ ಪರದೆಯಲ್ಲಿ ಅದು ಸಮನಾಗಿ ಕೂರದು.

ಇಷ್ಟನ್ನೂ ತೂಗಿ ನೋಡಿದಲ್ಲಿ ನಮ್ಮ ಅಭಿಪ್ರಾಯವು ಹೀಗಿದೆ. 120 ಕೊಡಬಲ್ಲ ಯಂತ್ರವು ಮನೆಯಲ್ಲಿದ್ದು, 120 ಅಥವಾ 40 ಚಿತ್ರಗಳ ಆಟಗಳನ್ನೇ ಹೆಚ್ಚಾಗಿ ಆಡುತ್ತ, ಹೇಗೂ ಹೊಸ ಟೆಲಿವಿಷನ್ ಕೊಳ್ಳಬೇಕಾಗಿದ್ದು, ಬೆಲೆಯ ಅಂತರವು ಅಲ್ಪವಾಗಿದ್ದರೆ 120 ಹರ್ಟ್ಸಿನದನ್ನು ಕೊಳ್ಳುವುದು ತಪ್ಪಲ್ಲ. ಇವುಗಳಲ್ಲಿ ಒಂದು ಕೊರತೆಯಾದರೂ 60 ಹರ್ಟ್ಸಿನ ಒಳ್ಳೆಯ ಪರದೆಯೇ ಸಾಕು. ಚೆನ್ನಾಗಿರುವ ಹಳೆಯದನ್ನು ಇದಕ್ಕಾಗಿಯೇ ಮಾರುವುದಂತೂ ಸಲ್ಲದು. "ಮುಂದೆ ಉಪಯೋಗಕ್ಕೆ ಬಂದೀತು" ಎಂಬ ಸಮಾಧಾನವೂ ಸರಿಯಲ್ಲ. ಇನ್ನೂ ಬಾರದ ಆಟಕ್ಕೆ ಈ ವರ್ಷದ ಬೆಳೆಯನ್ನು ತೆರುವುದು ಜಾಣತನವಾಗದು.

ಆ ವಿದ್ಯಾರ್ಥಿಗೆ ನಾವು ಎರಡು ಕೆಲಸಗಳನ್ನು ಹೇಳಿದೆವು. ಇಂದಿನ ಅನೇಕ ಮೊಬೈಲುಗಳಲ್ಲಿ ಪರದೆಯನ್ನು 60ಕ್ಕೂ 120ಕ್ಕೂ ಬದಲಾಯಿಸಬಹುದು. ತಮ್ಮನ ಕೈಯಿಂದ ಗುಟ್ಟಾಗಿ ಬದಲಾಯಿಸಿಸಿ, ಓಡುವ ಅಕ್ಷರಗಳನ್ನು ನೋಡಿ ಇಪ್ಪತ್ತು ಸಲ ಊಹಿಸುವುದು ಮೊದಲನೆಯದು; ತಾನು ಆಡುವ ಆಟಗಳ ಪಟ್ಟಿ ಮಾಡಿ ಒಂದೊಂದರ ಚಿತ್ರಸಂಖ್ಯೆಯನ್ನು ಬರೆಯುವುದು ಎರಡನೆಯದು. ಮರುವಾರ ಅವನು ಕಾಗದವನ್ನು ತಂದನು. ಇಪ್ಪತ್ತರಲ್ಲಿ ಹದಿನೇಳು ಸಲ ಅವನ ಕಣ್ಣು ಸರಿಯಾಗಿ ಹೇಳಿತ್ತು. ಆದರೆ ಅವನ ಆರು ಆಟಗಳಲ್ಲಿ ಐದು 60ರವು. ಅವನು ನಮ್ಮನ್ನು ಮತ್ತೇನೂ ಕೇಳಲಿಲ್ಲ. ಆ ಕಾಗದವನ್ನು ತಂದೆಯವರಿಗೆ ತೋರಿಸುವುದಾಗಿ ಹೇಳಿ ಜೇಬಿನಲ್ಲಿಟ್ಟುಕೊಂಡನು.